ಡ್ರಮ್ಮಿಗೆ ಇಳಿಯದ ಕೋಲು

ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದ ಕಾಲ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ ಆಗಿರಬೇಕು. ಆ ವರ್ಷ ಆಟಿ ತಿಂಗಳಲ್ಲಿ ಬಂದಂಥ ಗಾಳಿಮಳೆಯನ್ನು ನಾನು ಮತ್ತೆ ಕಂಡಿಲ್ಲ. ಕಡಲಕರೆಯ ತೆಂಗಿನ ಮರಗಳು ಬೆಂಕಿಕಡ್ಡಿಗಳಂತೆ ಮುರಿದು ಬಿದ್ದವು. ನೆರೆ ಬಂದು ರೈಲು ಹಳಿಯ ಅಡಿಯ ಮಣ್ಣು ಕೊಚ್ಚಿಹೋಯಿತು. ರೈಲು ನಿಂತಿತು. ರೈಲು ನಿಂತ ಮೇಲೆ ಪೆಟ್ರೋಲೂ ನಿಂತಿತು, ಏಕೆಂದರೆ ನಮಗೆ ಪೆಟ್ರೋಲಿನ ಡ್ರಮ್ಮುಗಳು ಮಂಜೇಶ್ವರ ಸ್ಟೇಷನ್ನಿಗೆ ಗೂಡ್ಸಿನಲ್ಲೇ ಬರುತ್ತಿದ್ದವು.

ನಾನು ಆಗಷ್ಟೇ ಹೈಸ್ಕೂಲು ಮುಗಿಸಿ ಹೊಸಂಗಡಿಯ ಪೆಟ್ರೋಲ್ ಪಂಪಿನಲ್ಲಿ ಕೆಲಸಕ್ಕೆ ಸೇರಿದ್ದೆ. ಪಂಪು ಎಂದರೆ ಈಗಿನ ಹಾಗಲ್ಲ. ರಸ್ತೆ ಬದಿ ಒಂದು ಕೈಪಂಪು, ಹಿಂದೆ ತಗಡಿನ ಶೆಡ್ಡು, ಅದರೊಳಗೆ ಡ್ರಮ್ಮುಗಳು. ಡ್ರಮ್ಮಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಗೆರೆ ಕೊರೆದ ಒಂದು ಮರದ ಕೋಲು. ಲೆಕ್ಕ ಬರೆಯುವವನಾದ್ದರಿಂದ ಊರವರು ನನ್ನನ್ನು ರೈಟ್ರು ಎನ್ನುತ್ತಿದ್ದರು. ಆ ಮರ್ಯಾದೆ ನನ್ನ ತಲೆಗೇರಿತ್ತು. ಭೂತ, ದೈವ ಎಲ್ಲ ಸುಳ್ಳು ಎಂದು ಚಾದಂಗಡಿಯಲ್ಲಿ ಕುಳಿತು ಭಾಷಣ ಮಾಡುತ್ತಿದ್ದೆ.

ಗಾಳಿ ನಿಂತ ಮರುದಿನ ಜಂಕ್ಷನ್ನಿನಲ್ಲಿ ಬಸ್ಸುಗಳು ನಿಂತಲ್ಲೇ ನಿಂತಿದ್ದವು. ಅವುಗಳ ಅಡಿಯಲ್ಲಿ ಆಡುಗಳು ಮಲಗಿದ್ದವು. ನಮ್ಮ ಶೆಡ್ಡಿನಲ್ಲಿ ಮಾತ್ರ ಒಂದು ಡ್ರಮ್ಮು ಪೂರ್ತಿ ಇತ್ತು. ಬೆಳಿಗ್ಗೆ ಪಂಪಿನ ಧಣಿಗಳು ನನ್ನನ್ನು ಒಳಗೆ ಕರೆದರು.

"ನೋಡು, ನೆರೆ ನೋಡಲಿಕ್ಕೆ ದೊಡ್ಡ ಆಫೀಸರು ಬರ್ತಾರೆ. ಅವರ ಕಾರಿಗೆ ಇಲ್ಲಿಂದಲೇ ಹಾಕಬೇಕು. ಬೇರೆ ಯಾರು ಕೇಳಿದರೂ ಇಲ್ಲ ಅಂತ ಹೇಳು."

ಅವರು ಒಳನಾಡಿಗೆ ಒಂದು ಬಸ್ಸು ಓಡಿಸಲು ಪರ್ಮಿಟ್ ಕೇಳಿದ್ದರು. ಅದು ಆ ಆಫೀಸರರ ಒಂದು ಮಾತಿನಲ್ಲಿತ್ತು.

"ನಂಬದಿದ್ದರೆ?" ಎಂದು ಕೇಳಿದೆ.

"ಜುಮಾದಿ ದೈವದ ಆಣೆ ಹಾಕು. ಮತ್ತೆ ಯಾರೂ ಕೇಳುವುದಿಲ್ಲ."

"ನೀವೇ ಹೇಳಿಬಿಡಿ ಧಣಿಗಳೇ, ನಿಮ್ಮ ಮಾತಿಗೆ ತೂಕ ಹೆಚ್ಚು."

ಅವರು ಕಿವಿ ಮುಟ್ಟಿಕೊಂಡರು. "ನಾನು ಹಾಗೆಲ್ಲ ಹೇಳುವ ಹಾಗಿಲ್ಲ ಮಾರಾಯ! ನಮ್ಮ ಮನೆಯಲ್ಲಿ ವರ್ಷ ವರ್ಷ ಆ ದೈವದ ಕೋಲ ಸೇವೆ ಆಗ್ತದೆ. ನೀನು ಹೇಗೂ ಓದಿದವ. ಭೂತ ಗೀತ ಇಲ್ಲ ಅಂತ ಹೇಳ್ತೀಯಲ್ಲ, ನಿನಗೆ ಎಂತ ಭಯ?"

ಈ ಮಾತು ನೆನಪಾದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಸುಳ್ಳು ಅವರಿಗೆ ಬೇಕು, ಅದರ ದೋಷ ಮಾತ್ರ ಸಂಬಳದ ಆಳಿಗೆ! ಆದರೆ ಆ ದಿನ ನನಗೆ ಸಿಟ್ಟು ಬರಲಿಲ್ಲ. ನನ್ನ ಓದಿಗೆ ಸಿಕ್ಕ ಮನ್ನಣೆ ಎಂದುಕೊಂಡೆ.

ಮಧ್ಯಾಹ್ನ ಊಟದ ಹೊತ್ತಿಗೆ ಕುಂಜತ್ತೂರಿನಿಂದ ಇಬ್ಬರು ನಡೆದು ಬಂದರು. ಒಬ್ಬ ಬಾಡಿಗೆ ಕಾರಿನ ಮಮ್ಮದೆ ಬ್ಯಾರಿ. ಇನ್ನೊಬ್ಬಳು ಅಪ್ಪಿ, ಬಾಬು ಪೂಜಾರಿಯ ಹೆಂಡತಿ. ಬಾಬು ನಮ್ಮ ಕಡೆಯ ತೋಟಗಳಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೀಳುವವನು. ಹಿಂದಿನ ದಿನ ಒಂದು ಮರ ಅವನ ಮನೆಯ ಮೇಲೆಯೇ ಬಿದ್ದು ಎಡಗಾಲು ಜಜ್ಜಿಹೋಗಿತ್ತು. ಅಪ್ಪಿಯ ಸೀರೆಯ ಅಂಚಿನಲ್ಲಿ ಇನ್ನೂ ರಕ್ತವಿತ್ತು.

"ರೈಟ್ರೇ, ಎರಡು ಗ್ಯಾಲನ್ ಕೊಡಿ," ಎಂದ ಬ್ಯಾರಿ. "ಒಳರಸ್ತೆಯಲ್ಲಿ ಸುತ್ತು ಹಾಕಿ ಉಳ್ಳಾಲದ ಕಡವಿನವರೆಗೆ ನಾನು ಕೊಂಡುಹೋಗ್ತೇನೆ. ಅಲ್ಲಿ ದೋಣಿ ಬಿಟ್ಟಿದ್ದಾರಂತೆ. ಹೊಳೆ ದಾಟಿದರೆ ಮಂಗಳೂರು ಆಸ್ಪತ್ರೆ. ಬಾಡಿಗೆ ನನಗೆ ಬೇಡ."

"ಇಲ್ಲ ಬ್ಯಾರಿಗಳೇ. ಎಲ್ಲ ಖಾಲಿ."

ಬ್ಯಾರಿ ಮೂಗು ಮೇಲೆತ್ತಿ ಶೆಡ್ಡಿನ ಕಡೆ ನೋಡಿದ. "ನಿಮ್ಮ ಮೂಗಿಗೆ ಶೀತವಾ? ಅಲ್ಲಿಂದ ವಾಸನೆ ಬರ್ತದೆ."

"ಖಾಲಿ ಡ್ರಮ್ಮೂ ವಾಸನೆ ಬರ್ತದೆ."

"ಹಾಗಾದ್ರೆ ಆ ಕೋಲು ಕೊಡಿ. ಹಾಕಿ ನೋಡುವಾ. ಇಲ್ಲದಿದ್ದರೆ ಹೋಗ್ತೇವೆ." ಅವನು ಶೆಡ್ಡಿನ ಬಾಗಿಲಲ್ಲಿದ್ದ ಕೋಲಿಗೆ ಕೈ ಹಾಕಿಯೇಬಿಟ್ಟ.

ಒಳಗಿನ ಕೋಣೆಯಲ್ಲಿ ಧಣಿಗಳು ಕೆಮ್ಮಿದರು. ಆ ಕೆಮ್ಮು ನನಗೆ ಅರ್ಥವಾಯಿತು. ನಾನು ಅಪ್ಪಿಯ ಕಡೆ ತಿರುಗಿ ಹೇಳಿದೆ, "ಜುಮಾದಿಯ ಆಣೆ, ಒಂದು ತೊಟ್ಟು ಇಲ್ಲ."

ಅವಳು ತಕ್ಷಣ ಬ್ಯಾರಿಯ ಕೈ ಹಿಡಿದು ಎಳೆದಳು. "ಬೇಡ ಬ್ಯಾರಿಗಳೇ, ಕೋಲು ಬಿಡಿ. ದೈವದ ಹೆಸರು ಹೇಳಿದ ಮೇಲೆ ಅಳೆದು ನೋಡಿದರೆ ದೈವವನ್ನೇ ಅಳೆದ ಹಾಗೆ. ಅದರ ದೋಷ ನಮ್ಮ ಮನೆಯವರ ಕಾಲಿಗೇ ಬಂದೀತು."

"ಅಲ್ಲ ತಂಗೀ, ನೋಡಿದರೆ ಎಂತ ಹೋಗ್ತದೆ?"

"ಬೇಡ ಅಂದೆನಲ್ಲ. ರೈಟ್ರು ಆಣೆ ಹಾಕಿ ಸುಳ್ಳು ಹೇಳ್ತಾರಾ?"

ಬ್ಯಾರಿ ಕೋಲನ್ನು ಇದ್ದಲ್ಲೇ ಒರಗಿಸಿದ. ಅಪ್ಪಿ ನನಗೆ ಕೈ ಮುಗಿದಳು. "ನಿಮಗೆ ತೊಂದರೆ ಕೊಟ್ಟೆವು," ಎಂದಳು. ಅವರು ಬಂದ ದಾರಿಯಲ್ಲೇ ಹಿಂದಿರುಗಿದರು.

ಧಣಿಗಳು ಹೊರಗೆ ಬಂದು ನನ್ನ ಬೆನ್ನು ತಟ್ಟಿದರು. "ಗಟ್ಟಿಗ ನೀನು," ಎಂದು ತಮ್ಮ ಎಲೆಡಿಕೆಯ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. ನಾನು ಹಾಕಿಕೊಂಡೆ. ನಾಚಿಕೆ ಆಗಲಿಲ್ಲ, ಹೆಮ್ಮೆಯೇ ಆಯಿತು. ಇದನ್ನೂ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಎತ್ತಿನ ಗಾಡಿಯವರು ಮುರಿದ ರಸ್ತೆಯಲ್ಲಿ ಬರಲು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಬಾಬುವನ್ನು ಮಂಚದಲ್ಲಿ ಮಲಗಿಸಿ, ಮಂಚಕ್ಕೆ ಬಿದಿರು ಕಟ್ಟಿ ಹೊತ್ತುಕೊಂಡು ಹೋದರು. ಕಡಲಕರೆಯ ನೇರ ದಾರಿಯಲ್ಲಿ ಬಿದ್ದ ಮರಗಳನ್ನು ದಾಟುತ್ತ, ಹೆಗಲು ಬದಲಿಸುತ್ತ ಕಡವು ತಲಪುವಾಗ ಸಂಜೆ. ಆಸ್ಪತ್ರೆ ಮುಟ್ಟುವಾಗ ಕಾಲು ಕಪ್ಪಾಗಿತ್ತಂತೆ. "ನಿನ್ನೆಯೇ ತಂದಿದ್ದರೆ ನೋಡಬಹುದಿತ್ತು," ಎಂದು ಡಾಕ್ಟರು ಹೇಳಿ ಮೊಣಕಾಲಿನಿಂದ ಕೆಳಗೆ ತೆಗೆದರು. ಮರ ಹತ್ತಿ ಬದುಕುವವನ ಕಾಲು ಅದು.

ಆ ಆಫೀಸರು? ಬಂದರು. ಒಳರಸ್ತೆಯಲ್ಲಿ ಸುತ್ತು ಹಾಕಿ ಎರಡು ಕಾರುಗಳಲ್ಲಿ ಬಂದರು. ಹೆದ್ದಾರಿಯ ಬದಿಯಲ್ಲಿ ನಿಂತು ದೂರದಿಂದಲೇ ಕಡಲಕರೆಯನ್ನು ನೋಡಿದರು. ಬಿದ್ದ ಮರಗಳಿಂದಲೇ ಕಿತ್ತ ಬೊಂಡ ಕುಡಿದರು. "ಬಹಳ ನಷ್ಟ ಆಗಿದೆ," ಎಂದರು. ನಾನೇ ಕೈಪಂಪು ತಿರುಗಿಸಿ ಎರಡೂ ಕಾರುಗಳಿಗೆ ತುಂಬಿಸಿದೆ. ನಷ್ಟ ನೋಡಲು ಬಂದವರಿಗೆ ಟ್ಯಾಂಕಿ ತುಂಬ ಪೆಟ್ರೋಲು, ನಷ್ಟ ಆದವನಿಗೆ ಎರಡು ಗ್ಯಾಲನ್ ಇಲ್ಲ! ಇದು ಯಾವ ನ್ಯಾಯ? ಡ್ರಮ್ಮಿನಲ್ಲಿ ಆಮೇಲೂ ಮಿಕ್ಕಿತ್ತು. ಮಿಕ್ಕದ್ದರಲ್ಲಿ ಧಣಿಗಳು ನೆಂಟರ ಮನೆಯ ಊಟಕ್ಕೆ ಹೋಗಿ ಬಂದರು.

ಪರ್ಮಿಟ್ಟೂ ಬಂತು. ಆ ಬಸ್ಸಿಗೆ ನಾನು ಏಜೆಂಟನಾದೆ. ಮದುವೆಯಾದೆ, ಮನೆ ಕಟ್ಟಿದೆ. ದೈವಕ್ಕೂ ನನ್ನ ಮೇಲೆ ಸಿಟ್ಟು ಬರಲಿಲ್ಲ. ಒಂದು ಜ್ವರ ಕೂಡ ಬರಲಿಲ್ಲ. ಬರಬೇಕಿತ್ತು ಎಂದು ಈಗ ಅನಿಸುತ್ತದೆ. ಬಂದಿದ್ದರೆ ಅಂದೇ ಓಡಿಹೋಗಿ ಬಾಬು, ಅಪ್ಪಿಯರ ಕಾಲು ಹಿಡಿಯುತ್ತಿದ್ದೆ.

ಬಾಬು ಊರುಗೋಲಿನಲ್ಲಿ ನಡೆಯಲು ಕಲಿತ. ಹೆಂಡತಿಯ ಜೊತೆ ಕುಳಿತು ಬೀಡಿ ಕಟ್ಟಿ ಜೀವನ ಮಾಡಿದ. ಕಟ್ಟಿದ ಬೀಡಿ ಕೊಡಲು ಹೋಗುವಾಗ ಅವನಿಗೆ ಟಿಕೆಟ್ ಹರಿಯಬೇಡ ಎಂದು ಕಂಡಕ್ಟರಿಗೆ ನಾನೇ ಹೇಳಿದ್ದೆ. ಅದಕ್ಕೂ ಊರಲ್ಲಿ ನನಗೆ ಒಳ್ಳೆಯ ಹೆಸರು! ಒಮ್ಮೆ ಚಾದಂಗಡಿಯಲ್ಲಿ ಮಮ್ಮದೆ ಬ್ಯಾರಿ ನನ್ನ ಎದುರಿಗೇ ಬಾಬುವಿಗೆ ಹೇಳಿದ, "ಆ ದಿನ ನಾನು ಕೋಲು ಹಾಕಿ ನೋಡಬೇಕಿತ್ತು ಪೂಜಾರೀ. ಒಬ್ಬೊಬ್ಬರ ಆಣೆಗೆ ತಳ ಇರುವುದಿಲ್ಲ."

ಬಾಬುವಿಗೆ ಸಿಟ್ಟು ಬಂತು, ನನ್ನ ಮೇಲೆ ಅಲ್ಲ, ಬ್ಯಾರಿಯ ಮೇಲೆ. "ಎಂತ ಮಾತಾಡ್ತೀರಿ ನೀವು? ಇದ್ದರೆ ರೈಟ್ರು ಕೊಡದೆ ಇರ್ತಿದ್ದರಾ? ನನ್ನ ಹಣೆಯಲ್ಲಿ ದೈವ ಬರೆದದ್ದು ಒಂದೇ ಕಾಲು. ಸುಮ್ಮನೆ ಚಾ ಕುಡಿಯಿರಿ."

ಬ್ಯಾರಿ ನನ್ನ ಮುಖವನ್ನೇ ನೋಡಿದ. ನಾನು ಚಹಾದ ಲೋಟದೊಳಗೆ ನೋಡುತ್ತ ಕುಳಿತೆ.

ಬಾಬು ತೀರಿಹೋದ ಮೇಲೆ, ಧಣಿಗಳೂ ಹೋದ ಮೇಲೆ, ನನ್ನ ಹೆಂಡತಿಯೂ ಹೋದ ಮೇಲೆ, ಎದೆಯ ಮೇಲಿನ ಈ ಕಲ್ಲನ್ನು ಇಳಿಸಬೇಕು ಎಂದು ಕುಂಜತ್ತೂರಿಗೆ ಹೋದೆ. ಅಪ್ಪಿ ಜಗಲಿಯಲ್ಲಿ ಕುಳಿತು ಬೀಡಿ ಎಲೆ ಕತ್ತರಿಸುತ್ತಿದ್ದಳು. ನೀರು ಬೆಲ್ಲ ಕೊಟ್ಟಳು. ನಾನು ಎಲ್ಲ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ, ಕೊನೆಗೆ ಹೋಗಲಿ ಬಿಡಿ ಎನ್ನುತ್ತಾಳೆ ಎಂದು ಎಣಿಸಿದ್ದೆ.

ಅವಳು ಕತ್ತರಿ ಕೆಳಗಿಟ್ಟು ತನ್ನ ಬಲಗೈಯನ್ನೇ ನೋಡುತ್ತ ಕುಳಿತಳು.

"ಬ್ಯಾರಿಗಳು ಕೋಲು ತೆಗೆದಿದ್ದರು," ಎಂದಳು. "ಕೈ ಹಿಡಿದು ಎಳೆದದ್ದು ನಾನು. ಹಾಗಾದ್ರೆ ಇವರ ಕಾಲು ಹೋದದ್ದು ನನ್ನಿಂದಲಾ ರೈಟ್ರೇ?"

"ಅಲ್ಲ ಅಪ್ಪಿಯಕ್ಕಾ, ನನ್ನಿಂದ. ನನ್ನ ನಾಲಗೆಯಿಂದ."

"ಇವರು ಸಾಯುವವರೆಗೂ ದೈವ ಬರೆದದ್ದು ಅಂತ ಹೇಳ್ತಿದ್ದರು. ನಾನೂ ಹಾಗೇ ಅಂದುಕೊಂಡು ಇದ್ದೆ. ಈಗ ಇದನ್ನು ನಾನು ಎಲ್ಲಿ ಇಟ್ಟುಕೊಳ್ಳುವುದು?" ಮತ್ತೆ ಕತ್ತರಿ ಎತ್ತಿಕೊಂಡು ಹೇಳಿದಳು, "ನಿಮಗೆ ಹಗುರ ಆಯ್ತಲ್ಲ. ಇನ್ನು ಹೋಗಿ."

ನಾನು ಹೋದದ್ದು ಪಶ್ಚಾತ್ತಾಪಕ್ಕಲ್ಲ, ನನ್ನ ಭಾರವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಲು. ಧಣಿಗಳು ಆ ದಿನ ನನಗೆ ಮಾಡಿದ್ದನ್ನೇ ನಾನು ಆ ಮುದುಕಿಗೆ ಮಾಡಿ ಬಂದೆ. ಅವರ ಮೇಲೆ ಇಷ್ಟು ವರ್ಷ ಹಲ್ಲು ಕಡಿದವನು ನಾನು!

ಅಪ್ಪಿಯೂ ಈಗ ಇಲ್ಲ. ಮೊಮ್ಮಕ್ಕಳು ಇದ್ದಾರೆ. ಈ ಪುಟ ಅವರ ಕೈಗೆ ಸಿಗಲಿ ಎಂದೇ ಬರೆಯುತ್ತಿದ್ದೇನೆ. ಮಕ್ಕಳೇ, ನಿಮ್ಮ ಅಜ್ಜಿ ತಪ್ಪು ಮಾಡಲಿಲ್ಲ. ಅವಳು ಒಬ್ಬ ಮನುಷ್ಯನ ಮಾತನ್ನು ನಂಬಿದಳು, ಅಷ್ಟೇ. ಆ ದಿನ ನಮ್ಮ ಶೆಡ್ಡಿನ ಡ್ರಮ್ಮಿನಲ್ಲಿ ಪೆಟ್ರೋಲು ಬಾಯಿವರೆಗೆ ಇತ್ತು. ಈ ಮಾತಿಗೆ ನಾನು ಯಾರ ಆಣೆಯನ್ನೂ ಹಾಕುವುದಿಲ್ಲ.