ಗುಂಡು ಕನ್ನಡಿ

ಆ ಬೀದಿಯಲ್ಲಿ ಅವನ ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಒರೆಸಪ್ಪ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿಯೇ ತಲೆ ನರೆತವನು. ಎಲ್ಲಾದರೂ ಬೆರಳಿನ ಗುರುತು ಕಂಡರೆ ಮೈಮೇಲೆ ಇರುವೆ ಹರಿದ ಹಾಗಾಗುತ್ತಿತ್ತು. ಅಂಥವನು ಕಾರು ಕೊಂಡಮೇಲೆ ಕೇಳಬೇಕೆ! ಬೆಳಗೆದ್ದು ತನ್ನ ಮುಖ ತೊಳೆಯುವ ಮುಂಚೆ ಕಾರಿನ ಮುಖ ತೊಳೆಯುತ್ತಿದ್ದ. ಟೈರಿಗೆ ಗಾಳಿ, ಎಂಜಿನ್ನಿಗೆ ಆಯಿಲ್ಲು, ಯಾವುದಕ್ಕೂ ಕೊರತೆಯಿಲ್ಲ. ಆ ಕಾರು ನಡುದಾರಿಯಲ್ಲಿ ಕೈಕೊಟ್ಟಿದ್ದೇ ಇಲ್ಲ.

ವರ್ಷಕ್ಕೊಮ್ಮೆ ಹೋಗುವ ಹೆಂಡತಿಯ ತವರಿಗೆ ಅರ್ಧ ದಿನದ ದಾರಿ. ಹಿಂದಿನ ಸೀಟಿನಲ್ಲಿ ಒಬ್ಬಳೇ ಮಗಳು. ಅವಳು ಬಿಸ್ಕತ್ತಿನ ಪುಡಿ ಉದುರಿಸಿದರೆ, ಗಾಜಿಗೆ ಮೂಗು ಒತ್ತಿದರೆ ಗೊತ್ತಾಗಲಿ ಅಂತ ಡ್ರೈವರ್ ಕನ್ನಡಿಯ ಕೆಳಗೆ ಇನ್ನೊಂದು ಗುಂಡು ಕನ್ನಡಿ ತಾನೇ ಕೂರಿಸಿದ್ದ. "ಮೂಗು!" ಅಂದರೆ ಮೂಗು ಹಿಂದಕ್ಕೆ. "ಕಾಲು!" ಅಂದರೆ ಕಾಲು ಕೆಳಕ್ಕೆ.

ದಾರಿಯಲ್ಲೊಂದು ಉದ್ದನೆಯ ಸೇತುವೆ.

"ಅಪ್ಪಾ, ನಿಲ್ಸಿ. ಒಂದೇ ಒಂದು ಕಲ್ಲು ನೀರಿಗೆ ಎಸೆದು ಬರ್ತೀನಿ."

"ವಾಪಸ್ ಬರ್ತಾ ನಿಲ್ಸೋಣ."

ಒದ್ದೆ ಕಾಲು, ಕೆಸರು, ಸೀಟು! ಬರುವಾಗ "ಮುಂದಿನ ಸಲ" ಅನ್ನುತ್ತಿದ್ದ. ಒಂದು ವರ್ಷ ಮಗಳು ಕೇಳಲೇ ಇಲ್ಲ. ಹುಡುಗಿಗೆ ಬುದ್ಧಿ ಬಂತು ಅಂತ ಒರೆಸಪ್ಪ ಹಿಗ್ಗಿದ.

ಈಗ ಆ ಮಗಳಿಗೇ ಇಬ್ಬರು ಮಕ್ಕಳು. ಅದೇ ಕಾರಿನಲ್ಲಿ, ಅದೇ ದಾರಿಯಲ್ಲಿ, ಅಮ್ಮನನ್ನೂ ಕೂರಿಸಿಕೊಂಡು ಹೊರಟು ನಿಂತಿದ್ದಳು. ಒರೆಸಪ್ಪ ಕಾರಿನ ಸುತ್ತ ಸುತ್ತುತ್ತಿದ್ದ.

"ಮಕ್ಕಳಿಗೆ ಹೊಟ್ಟೆ ಬಿರಿಯ ತಿನ್ನಿಸ್ಬೇಡ, ವಾಂತಿ ಆಗುತ್ತೆ. ಒದ್ದೆ ಬಟ್ಟೆ ಕೈಗೆ ಸಿಗೋ ಹಾಗಿಟ್ಕೋ. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬೇಡ, ಹಬೆ ಮುಖಕ್ಕೆ ಹೊಡೆಯುತ್ತೆ."

"ರೀ, ಅವಳು ನನ್ನ ತವರಿಗೆ ಹೋಗ್ತಿರೋದು, ಚಂದ್ರಲೋಕಕ್ಕಲ್ಲ," ಅಂದಳು ಹೆಂಡತಿ.

ಇಷ್ಟೆಲ್ಲ ಹೇಳಿದವನಿಗೆ ಹೇಳಬೇಕಾದ ಒಂದು ಮಾತು ಮಾತ್ರ ಗಂಟಲು ದಾಟಲಿಲ್ಲ: ನಾನೂ ಬರ್ತೀನಿ. ಅಂಗಿ, ಟವಲು ತುಂಬಿದ ಅವನ ಚೀಲ ಬಾಗಿಲ ಹಿಂದೆ ಸಿದ್ಧವಾಗಿತ್ತು. ಬನ್ನಿ ಅಂತ ಕರೆದವರಿರಲಿಲ್ಲ.

ಮಗಳು ಸ್ಟೀರಿಂಗ್ ಮುಂದೆ ಕೂತು ತಲೆ ಎತ್ತಿದಳು. ಗುಂಡು ಕನ್ನಡಿ ಕಂಡದ್ದೇ ತಡ, ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಅಪ್ಪಾ, ಇದನ್ನ ಬಿಚ್ಚಿಬಿಡ್ತೀರಾ? ಇದನ್ನ ನೋಡಿದ್ರೆ ನಿಮ್ಮ ಕಣ್ಣೇ ನೋಡಿದ ಹಾಗಾಗುತ್ತೆ. ಸ್ಕೂಲಲ್ಲಿ ಅಪ್ಪನ ಚಿತ್ರ ಬರೀರಿ ಅಂದಾಗ ನಾನು ಎರಡು ಕಣ್ಣು ಮಾತ್ರ ಬರೆದು ಕೊಟ್ಟಿದ್ದೆ, ಗೊತ್ತಾ?"

ಅವಳು ನಕ್ಕಳು. ಮೊಮ್ಮಕ್ಕಳೂ ನಕ್ಕರು. ಒರೆಸಪ್ಪ ಒಳಗಿಂದ ಕನ್ನಡಕದ ಸಣ್ಣ ಸ್ಕ್ರೂಡ್ರೈವರ್ ತಂದು ಕನ್ನಡಿ ಬಿಚ್ಚಿದ. ಆಮೇಲೆ ಧೈರ್ಯ ಮಾಡಿ ಹಿಂದಿನ ಸೀಟು ತೋರಿಸಿದ.

"ಮಕ್ಕಳ ಮಧ್ಯೆ ಇನ್ನೊಬ್ರು ಕೂರೋಷ್ಟು ಜಾಗ ಇದೆ, ಅಲ್ವೇನಮ್ಮ?"

"ನನಗೇ ಪರೀಕ್ಷೆನಾ ಅಪ್ಪಾ? ದೂರದ ದಾರಿಗೆ ನಾಲ್ಕೇ ಜನ, ಅದಕ್ಕಿಂತ ಒಂದು ಜೀವ ಹೆಚ್ಚು ಹತ್ತಿಸಬಾರದು ಅಂತ ನೀವೇ ಹೇಳ್ತಿದ್ರಲ್ಲ. ಮರೆತಿಲ್ಲ ನಾನು!"

"ಹೂಂ... ಪಾಸಾದೆ ಬಿಡು," ಅಂದ ಒರೆಸಪ್ಪ.

ಕಾರು ಹೊರಟಿತು. ಚಿಕ್ಕ ಮೊಮ್ಮಗಳು ಹಿಂದಿನ ಗಾಜಿಗೆ ಮೂಗು ಒತ್ತಿ ಕೈ ಬೀಸಿದಳು. ಹೆಗಲ ಮೇಲಿನ ಒರೆಸುವ ಬಟ್ಟೆಗೆ ಹೋದ ಅವನ ಕೈ ಅಲ್ಲೇ ನಿಂತಿತು. ಇದ್ದಕ್ಕಿದ್ದಂತೆ ಚಪ್ಪಲಿಯೂ ಇಲ್ಲದೆ ಬೀದಿಗೆ ಓಡಿದ.

"ಸೇತುವೆ ಹತ್ರ ನಿಲ್ಸು ಕಣಮ್ಮ! ಹೋಗ್ತಾನೇ ನಿಲ್ಸು!"

ತಿರುವಿನಲ್ಲಿ ಬ್ರೇಕಿನ ಎರಡೂ ದೀಪ ಹತ್ತಿದವು. ನಿನ್ನೆ ತಾನೇ ಅವನು ಹೊಸ ಬಲ್ಬು ಹಾಕಿದ್ದ. ಕಾರು ತಿರುವು ದಾಟಿ ಮರೆಯಾಯಿತು.