ಕೌದಿಯೊಳಗಿನ ಎರಡನೆಯ ತುತ್ತು

“ಸತ್ತವರ ಕೌದಿಗೆ ಕತ್ತರಿ ತಾಗಿಸಬಾರದು, ನಮ್ಮ ಹಿರಿಯರಲ್ಲಿ ಯಾರೂ ತಾಗಿಸಿಲ್ಲ.” ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಮನೆಯಲ್ಲಿ ಕೇಳಿದರೂ ಈ ಮಾತು ಸಿಗುತ್ತದೆ. ಮೊದಲ ಅರ್ಧ ನಂಬಿಕೆ. ಅದರೊಂದಿಗೆ ನನಗೆ ಜಗಳವಿಲ್ಲ. ಎರಡನೆಯ ಅರ್ಧ ಮಾತ್ರ ನಡೆದದ್ದರ ಕುರಿತ ಹೇಳಿಕೆ. ಅಂಥದ್ದನ್ನು ಯಾರೇ ಹೇಳಲಿ, ಕಂಡವರು ಯಾರೆಂದು ಕೇಳುವುದು ನನ್ನ ಹಳೆಯ ಚಟ. ಶಾಲೆಯನ್ನು ಬೇಗನೆ ಬಿಟ್ಟ ನನಗೆ ಹೀಗೆ ಕೇಳಿ ಕೇಳಿಯೇ ಓದು ದಕ್ಕಿತು. ಹಲವು ನೆಂಟರು ದೂರವಾದದ್ದೂ ಹಾಗೆಯೇ. ಈಗೀಗ ಕೇಳುವುದಕ್ಕೂ ದಣಿವಾಗುತ್ತದೆ.

ಆದರೂ ಕಳೆದ ಚಳಿಗಾಲದಲ್ಲಿ ಕೇಳಲೇಬೇಕಾಯಿತು. ತೀರಿಹೋದ ನಮ್ಮ ಅವ್ವ ಹಳೆಯ ಸೀರೆ, ಧೋತರಗಳನ್ನು ಪದರವಾಗಿ ಹಾಸಿ ಹೊಲಿದ ಕೌದಿಯೊಂದು ಕೊಟ್ಟೂರಿನ ನನ್ನ ಮನೆಯ ಅಟ್ಟದಲ್ಲಿತ್ತು. ಹೊದೆಯಲು ಬಾರದಷ್ಟು ಜೀರ್ಣವಾಗಿತ್ತು. ಒಂದು ಮೂಲೆಯನ್ನು ಇಲಿ ತಿಂದಿತ್ತು. ನನ್ನ ಮಗಳು ಇಂಥ ಕೈಹೊಲಿಗೆಯ ಹಳೆಯ ಬಟ್ಟೆಗಳನ್ನು ಬಿಚ್ಚಿ, ಕತ್ತರಿಸಿ, ಕಂಬಳಿಯ ಮೇಲೆ ಮರಳಿ ಜೋಡಿಸಿ ಗೋಡೆಗೆ ತೂಗುವ ಚಿತ್ರಗಳನ್ನು ಮಾಡುತ್ತಾಳೆ. ಈ ಕೌದಿಯಿಂದಲೂ ಒಂದನ್ನು ಮಾಡುತ್ತೇನೆಂದಳು. ಅಟ್ಟದಲ್ಲೇ ಬಿಟ್ಟರೆ ಉಳಿಯುವುದು ಧೂಳು ಮಾತ್ರ ಎಂಬುದು ಅವಳ ವಾದ.

ಸುದ್ದಿ ಉಜ್ಜಿನಿಯಲ್ಲಿರುವ ನನ್ನ ಅಕ್ಕನಿಗೆ ಮುಟ್ಟಿತು. ಮರುದಿನವೇ ಬಸ್ಸಿಳಿದು ಬಂದವಳು ಪಡಸಾಲೆಯಲ್ಲಿ ಹಾಸಿದ್ದ ಕೌದಿಯ ನಟ್ಟನಡುವೆ ಕೂತುಬಿಟ್ಟಳು.

“ಮೊದ್ಲು ನನ್ನ ಕತ್ತರಿಸ್ರಿ. ಆಮ್ಯಾಲೆ ಕೌದಿ.”

“ಅತ್ತಿ, ಎದ್ದು ಬರ್ರಿ, ಚಾ ಆದ್ರೂ ಕುಡೀರಿ,” ಎಂದಳು ಮಗಳು.

“ಇಲ್ಲೇ ತಂದು ಕೊಡು. ನಾ ಎದ್ರ ನೀವು ಬಿಡೂ ಮಂದೇನು?” ಎಂದವಳು ನನ್ನತ್ತ ತಿರುಗಿದಳು. “ಲೇ ತಮ್ಮಾ, ಅವ್ವನ್ನ ನೆನಸ್ಕೊಳ್ಳಾಕ ನನ್ನತ್ರ ಮತ್ತೇನೈತಿ? ಒಂದು ಫೋಟೋನೂ ಇಲ್ಲ.”

ಮಾತು ಬದಲಿಸಲು, ಇಲಿ ಅದೊಂದೇ ಮೂಲೆಯನ್ನು ಏಕೆ ತಿಂದಿತೆಂದು ಕೇಳಿದೆ.

“ಅಲ್ಲಿ ತುತ್ತು ಇತ್ತಲ್ಲೋ, ಮರ್ತಿಯೇನು? ಕೌದಿ ಹಸಕೊಂಡಿರಬಾರ್ದು ಅಂತ ಅವ್ವ ಕಡೀ ತ್ಯಾಪಿ ಒಳಗ ಒಣ ರೊಟ್ಟಿ ಚೂರು ಇಟ್ಟು ಹೊಲೀತಿದ್ಲು. ಒಂದು ಕೌದಿಗೆ ಒಂದ ತುತ್ತು.”

ಹೇಳುತ್ತಲೇ ಅಕ್ಕ ಮಗ್ಗುಲು ಬದಲಿಸಿದಳು. ತನ್ನ ಕೆಳಗೆ ಏನೋ ಗಂಟು ಒತ್ತುತ್ತಿದೆ ಎಂದಳು. ಮಗಳು ಕತ್ತರಿ ಮುಟ್ಟದೆ, ಸೂಜಿಯ ಮೊನೆಯಿಂದ ಅಲ್ಲಿನ ನಾಲ್ಕಾರು ಹೊಲಿಗೆಗಳನ್ನು ಸಡಿಲಿಸಿದಳು. ಮೇಲಿನ ಸೀರೆಯ ಅಡಿಯಲ್ಲಿ ಇನ್ನೊಂದು ತೇಪೆ, ಅದರ ಮಡಿಕೆಯಲ್ಲಿ ಕಂದು ಬಣ್ಣದ ರೊಟ್ಟಿಯ ಹುಡಿ.

“ಒಂದು ಕೌದಿಗೆ ಒಂದ ತುತ್ತು ಅಂದಿ,” ಎಂದೆ. “ಇದು ಯಾರ ಕೌದೀದು?”

ಮಗಳು ಇನ್ನಷ್ಟು ಬಿಚ್ಚಿದಳು. ಒಳಗೆ ಮತ್ತೊಂದು ಹಳೆಯ ಕೌದಿಯ ತುಂಡು ಇತ್ತು. ಅದರ ಅಂಚನ್ನು ಕತ್ತರಿ ನೇರವಾಗಿ ಸೀಳಿತ್ತು. ಹೊಲಿಗೆಯ ಸಾಲುಗಳು ಆ ಅಂಚಿನಲ್ಲಿ ನಡುವೆಯೇ ತುಂಡಾಗಿದ್ದವು. ಅಕ್ಕ ನೀಲಿ ಬಟ್ಟೆಯೊಂದರ ಮೇಲೆ ಬೆರಳಿಟ್ಟಳು.

“ಇದು ಅಜ್ಜಿ ಸೀರಿ. ಅಜ್ಜಿ ಹೋದಮ್ಯಾಲೆ ಆಕಿ ಕೌದಿ ಎಲ್ಲಿ ಹೋತು ಅಂತ ನಾ ಭಾಳ ಸಲ ಕೇಳೀನಿ. ಅವ್ವ ಹೇಳಲೇ ಇಲ್ಲ.”

ಗೆದ್ದೆನೆಂದು ನನಗೆ ಅನ್ನಿಸಲಿಲ್ಲ. ಅಕ್ಕನ ಕೈಯಲ್ಲಿದ್ದ ಒಂದು ಆಸರೆಯನ್ನು ಕಿತ್ತುಕೊಂಡಂತಾಯಿತು, ಅಷ್ಟೇ. ಅವ್ವನಿಗೂ ಅಂದು ಚಳಿಗೆ ಹೊದೆಯುವ ಬಟ್ಟೆ ಬೇಕಾಗಿತ್ತು. ಅವಳ ಮುಂದೆಯೂ ತೀರಿಹೋದ ತಾಯಿಯ ಕೌದಿಯೊಂದು ಹಾಸಿತ್ತು. ಕತ್ತರಿ ಎತ್ತುವ ಮೊದಲು ಎಷ್ಟು ಹೊತ್ತು ಕೂತಿದ್ದಳೋ, ತಿಳಿಯುವ ದಾರಿಯಿಲ್ಲ.

ತಂದಿಟ್ಟ ಚಹಾ ತಣ್ಣಗಾಗಿತ್ತು. ಅಕ್ಕ ಮೊಣಕಾಲು ಹಿಡಿದು ಎದ್ದು, ಕೌದಿಯಿಂದಾಚೆ ಸರಿದು ನಿಂತಳು.

“ಹಾಕವ್ವ ಕತ್ತರಿ,” ಎಂದಳು ನನ್ನ ಮಗಳಿಗೆ. “ತುತ್ತು ಮಾತ್ರ ನಾನ ಇಡ್ತೀನಿ. ನೀ ಇಟ್ರ ಬಿಸ್ಕೀಟು ಇಟ್ಟೀಯ.”

ಆ ಚಿತ್ರ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಅದರ ಕೆಳಅಂಚನ್ನು ಒಂದು ಗೇಣಿನಷ್ಟು ಹೊಲಿಯದೆ ಬಿಡುವಂತೆ ಮಗಳಿಗೆ ಹೇಳಿದ್ದೆ, ಬಿಟ್ಟಿದ್ದಾಳೆ. ಹಿರಿಯರು ಯಾರೂ ಕತ್ತರಿ ತಾಗಿಸಿಲ್ಲ ಎನ್ನುವವರು ಬಂದು ಅದನ್ನು ಎತ್ತಿ ನೋಡಬಹುದು. ಒಳಗೆ ಅಜ್ಜಿಯ ನೀಲಿ ಸೀರೆಯ ಮೇಲೆ ಅವ್ವನ ಕತ್ತರಿಯ ಗೆರೆ ಹಾಗೆಯೇ ಇದೆ.