ಬಾಣಂತಿಯ ನೀರು

ಮೇ ತಿಂಗಳು ಅರ್ಧ ದಾಟಿತೆಂದರೆ ನನ್ನನ್ನು ಯಾರೂ ಮಾತಾಡಿಸದಿರುವುದೇ ಒಳ್ಳೆಯದು. ಆಗ ನಾನು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಯಾರಾದರೂ ಕೈ ತೊಳೆಯಲು ಎದ್ದರೆ ಅವರ ಬೆನ್ನಿಗೇ ಬಕೆಟ್ ಹಿಡಿದು ಹೋಗುತ್ತೇನೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಹಾಲಿನ ಪಾತ್ರೆ ಗಲಬರಿಸಿದ ನೀರು, ಎಲ್ಲವೂ ನನಗೆ ಬೇಕು. ಒಮ್ಮೆ ಮನೆಗೆ ಬಂದ ಬೀಗರೊಬ್ಬರು ಅರ್ಧ ಲೋಟ ಕುಡಿದು ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದರು. ಆಗ ನನ್ನ ಬಾಯಿಂದ ಹೊರಟ ಮಾತಿಗೆ ನನ್ನ ಗಂಡ ಇವತ್ತಿಗೂ ಅವರನ್ನು ಕಂಡಾಗೆಲ್ಲ ಕೈ ಮುಗಿಯುತ್ತಾರೆ.

ಇದಕ್ಕೆಲ್ಲ ಕಾರಣ ಬೆಟಗೇರಿಯಲ್ಲಿ ನಮ್ಮ ಮನೆಗೆ ಹೊಂದಿಕೊಂಡಿರುವ ಒಂದು ಖಾಲಿ ಸೈಟು. ಅದರ ಮಾಲೀಕರು ಲಕ್ಷ್ಮೇಶ್ವರದಲ್ಲಿರುವ ಒಬ್ಬ ಮಾಸ್ತರರು. ಜಾಲಿ ಬೆಳೆಯದಂತೆ, ಓಣಿಯವರು ಕಸ ಹಾಕದಂತೆ ನೋಡಿಕೊಳ್ಳಿರಿ, ನಾವು ಮನೆ ಕಟ್ಟುವ ತನಕ ಏನು ಬೇಕಾದರೂ ಬೆಳೆದುಕೊಳ್ಳಿರಿ ಎಂದು ಅವರು ಹೇಳಿದ್ದೇ ತಡ, ನಾನು ಸಲಿಕೆ ಹಿಡಿದೆ. ನಾವು ನೇಕಾರರು. ಮಗ್ಗದ ಕುಣಿ ತೋಡಿದ್ದನ್ನು ಬಿಟ್ಟರೆ ನಮ್ಮ ಮನೆತನದಲ್ಲಿ ಮಣ್ಣು ಅಗೆದವರಿಲ್ಲ. ಮೊದಲ ವರ್ಷ ಮೆಂತ್ಯೆಯನ್ನು ಒಗ್ಗರಣೆಗೆ ಹಾಕಿದ ಹಾಗೆ ಒಂದೇ ಕಡೆ ಸುರಿದೆ, ಅದು ಗುಂಪುಗುಂಪಾಗಿ ಎದ್ದು ಕೊಳೆತುಹೋಯಿತು. ಆಮೇಲೆ ಕಲಿತೆ. ಮಗ್ಗದಲ್ಲಿ ಉಳಿದ ತುಂಡು ನೂಲಿನಿಂದ ಬಳ್ಳಿ ಕಟ್ಟುವುದು, ಹರಿದ ಸೀರೆಗಳನ್ನು ಕೋಲಿಗೆ ಕಟ್ಟಿ ಸಸಿಗಳಿಗೆ ನೆರಳು ಮಾಡುವುದು, ಇವನ್ನು ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ. ಮೂರನೆಯ ವರ್ಷದಿಂದ ಉಳ್ಳಾಗಡ್ಡಿ, ಆಲೂಗಡ್ಡೆ ಬಿಟ್ಟರೆ ಸಂತೆಯಿಂದ ಬೇರೆ ಕಾಯಿಪಲ್ಲೆ ತಂದಿಲ್ಲ. ಹೀರೇಕಾಯಿ ಪಲ್ಲೆಗೆ, ಅದರ ಸಿಪ್ಪೆ ಚಟ್ನಿಗೆ, ಬಲಿತು ಒಣಗಿದ ಕಾಯಿ ಮೈ ಉಜ್ಜಲಿಕ್ಕೆ. ಇಷ್ಟು ಸಾಲದೆಂದು ನನ್ನ ಜಂಬ ಬೇರೆ.

ಆದರೆ ಬೇಸಿಗೆಯ ಕೊನೆ ಬಂದರೆ ಜಂಬವೆಲ್ಲ ಇಳಿಯುತ್ತದೆ. ನಮ್ಮ ಓಣಿಗೆ ಆಗ ನಳದ ನೀರು ಹತ್ತು ದಿನಕ್ಕೊಮ್ಮೆ. ಓಣಿಯ ತುದಿಯಲ್ಲಿ ಬೋರು ಇದೆ, ಆದರೆ ಅದು ಸವಳು ನೀರು. ಬಟ್ಟೆಗೆ, ಪಾತ್ರೆಗೆ ನಡೆಯುತ್ತದೆ. ಗಿಡಕ್ಕೆ ಹಾಕಿದರೆ ನಾಲ್ಕೇ ದಿನದಲ್ಲಿ ಎಲೆಯ ಅಂಚು ಸುಟ್ಟು ಸುರುಟಿಕೊಳ್ಳುತ್ತದೆ. ಬಳ್ಳಿಗೆ ಬೇಕಾದದ್ದು ಸಿಹಿನೀರು, ಮನುಷ್ಯರಿಗೆ ಬೇಕಾದದ್ದೂ ಅದೇ.

ಎರಡು ವರ್ಷದ ಹಿಂದೆ ಶಿವರಾತ್ರಿಯ ಸುಮಾರಿಗೆ ನನ್ನ ಮಗಳು ಹೆರಿಗೆಗೆಂದು ಮುಂಡರಗಿಯಿಂದ ಬಂದಳು. ಹೆಣ್ಣು ಕೂಸು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಎದುರು ಮನೆಯ ಅಜ್ಜಿ ಒಂದು ಕೊಡ ಸಿಹಿನೀರು ಹೊತ್ತು ತಂದು ನಮ್ಮ ಬಚ್ಚಲಿನಲ್ಲಿ ಇಳಿಸಿದರು. ಇದು ನಮ್ಮ ಓಣಿಯ ರೂಢಿ. ನೀರಿನ ತ್ರಾಸಿನ ದಿನಗಳಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೋ ಆ ಮನೆಗೆ ಪಾಳಿಯ ಮೇಲೆ ದಿನಕ್ಕೆ ಮೂರು ನಾಲ್ಕು ಮನೆಯವರು ಒಂದೊಂದು ಕೊಡ ಕೊಡುತ್ತಾರೆ. ಬಾಣಂತಿ ಸವಳು ನೀರಿನಲ್ಲಿ ಮೈ ತೊಳೆಯಬಾರದು, ಕೂಸಿನ ತಲೆಗಂತೂ ಅದು ತಾಗಲೇಬಾರದು. ಬಾಣಂತಿ ತವರಿನಿಂದ ಹೊರಡುವ ತನಕ ಕೊಡ ನಿಲ್ಲುವುದಿಲ್ಲ. ನಾನೂ ಎಷ್ಟೋ ಮನೆಗೆ ಕೊಟ್ಟವಳೇ.

ನಮ್ಮ ಕಡೆ ಬಾಣಂತಿಯ ಸ್ನಾನವೆಂದರೆ ಹಂಡೆಗಟ್ಟಲೆ ಬಿಸಿನೀರು. ಎಣ್ಣೆ ತಿಕ್ಕಿ, ಸೊಂಟಕ್ಕೆ, ಬೆನ್ನಿಗೆ ಬಡಿಬಡಿದು ಹಾಕಬೇಕು. ಮೊದಲ ದಿನಗಳಲ್ಲಿ ಆ ನೀರು ಗಟಾರಕ್ಕೆ ಹೋಗುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಪುರುಡು ಕಳೆಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಕೂಸನ್ನು ತೊಟ್ಟಿಲಿಗೆ ಹಾಕಿ, ಬಂದ ಮಂದಿ ಊಟ ಮುಗಿಸಿ ಎಲೆ ಎತ್ತಿದ ಸಂಜೆಯೇ ನಾನು ಸಲಿಕೆ ತೆಗೆದುಕೊಂಡು ಬಚ್ಚಲ ತೂತಿನಿಂದ ಸೈಟಿನ ತನಕ ಒಂದು ಕಾಲುವೆ ತೋಡಿದೆ. ಮೈಮೇಲೆ ಇನ್ನೂ ಜರಿಸೀರೆ ಇತ್ತು.

ಸಾಬೂನು ನೀರು ಬೇರಿಗೆ ಒಳ್ಳೆಯದಲ್ಲ. ಅದಕ್ಕೆ ಮಗಳಿಗೆ ಸಾಬೂನು ಬಿಡಿಸಿ ಹೆಸರುಹಿಟ್ಟು, ತಲೆಗೆ ಸೀಗೆಪುಡಿ ಮಾಡಿದೆ. ಇದನ್ನು ಕಂಡ ಓಣಿಯ ಹೆಂಗಸರಿಗೆ ಏನು ಸಂತೋಷ ಅಂತೀರಿ. ಈ ಕಾಲದಲ್ಲೂ ಇಷ್ಟು ಪದ್ಧತಿಯಿಂದ ಬಾಣಂತನ ಮಾಡುವ ತಾಯಿ ಎಲ್ಲಿ ಸಿಗುತ್ತಾಳೆ, ತವರುಮನೆ ಅಂದರೆ ಹೀಗಿರಬೇಕು ಎಂದು ತಮ್ಮ ಸೊಸೆಯರ ಎದುರಿಗೆ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿಕೊಂಡು ಕೇಳಿದೆ. ಅದನ್ನು ಅವರು ವಿನಯವೆಂದುಕೊಂಡರು.

ಬೆಳಿಗ್ಗೆ ಮಗಳನ್ನು ಮಣೆಯ ಮೇಲೆ ಕೂರಿಸಿ ತಂಬಿಗೆಯಿಂದ ನೀರು ಹಾಕುವಾಗ ನನ್ನ ಕಣ್ಣು ಬಚ್ಚಲ ತೂತಿನ ಮೇಲೆಯೇ. ನೀರು ಸರಾಗ ಹೋಗುತ್ತಿದೆಯೋ, ಕೂದಲು ಸಿಕ್ಕಿ ನಿಂತಿತೋ ಎಂದು. ಅವಳು ಏನಾದರೂ ಹೇಳುತ್ತಿದ್ದಳು, ಗಂಡನ ಮನೆಯ ಸುದ್ದಿ, ಕೂಸು ಹಾಲು ಕುಡಿಯುವ ರೀತಿ. ನಾನು ಹೂಂ ಹೂಂ ಎನ್ನುತ್ತಿದ್ದೆ. ಕೊನೆಯ ತಂಬಿಗೆ ಮುಗಿದ ತಕ್ಷಣ ಅವಳ ತಲೆಗೊಂದು ಪಂಚೆ ಸುತ್ತಿ, ಒದ್ದೆ ಕೈಯಲ್ಲೇ ಕಾಲುವೆಯ ಕಡೆಗೆ ಓಡುತ್ತಿದ್ದೆ. ಅಲ್ಲಿ ಹೀರೆ ಬಳ್ಳಿ ಹಂದರ ತುಂಬಾ ಹಬ್ಬಿತ್ತು. ಬದನೆ ಗಿಡಗಳು ಸೊಂಟದ ಮಟ್ಟಕ್ಕೆ ಬಂದಿದ್ದವು. ಬೇಸಿಗೆಯಲ್ಲಿ ಅಂಥ ಹಸಿರನ್ನು ನಾನು ಕಂಡಿರಲೇ ಇಲ್ಲ.

ಮೂರನೆಯ ತಿಂಗಳಲ್ಲಿ ಮಗಳನ್ನು ಕಳಿಸಿಕೊಡುವುದೆಂದು ಮೊದಲೇ ಮಾತಾಗಿತ್ತು. ಅವಳು ಮುಂಡರಗಿಯಲ್ಲಿ ಒಂದು ಸಣ್ಣ ಶಾಲೆಯಲ್ಲಿ ಕಲಿಸುತ್ತಾಳೆ. ಜೂನ್ ಮೊದಲಿಗೆ ಶಾಲೆ ಶುರು, ಅದಕ್ಕೂ ಮೊದಲು ಹೋಗಿ ಮನೆ ಹೊಂದಿಸಿಕೊಳ್ಳಬೇಕೆಂದು ಅವಳ ಆಸೆ. ಅವಳು ದಿನ ಎಣಿಸುತ್ತಿದ್ದಳು. ಫೋನಿನಲ್ಲಿ ಗಂಡನಿಗೆ ಪರದೆ ಒಗೆಸು, ಗ್ಯಾಸ್ ಹೇಳಿಡು ಎಂದು ಹೇಳುವುದು ನನಗೂ ಕೇಳಿಸುತ್ತಿತ್ತು. ನಾನೂ ಎಣಿಸುತ್ತಿದ್ದೆ, ಬೇರೆ ಲೆಕ್ಕಕ್ಕೆ. ಬಳ್ಳಿಯಲ್ಲಿ ಹೂ ಬಿಟ್ಟು ಸಣ್ಣ ಪೀಚು ಕಟ್ಟುತ್ತಿದ್ದ ಹೊತ್ತು ಅದು. ಇನ್ನು ಹದಿನೈದು ದಿನ ನೀರು ಸಿಕ್ಕರೆ ಸಾಕು, ಅಷ್ಟರಲ್ಲಿ ಮಳೆ ಬರುತ್ತದೆ. ಅವಳು ಹೋದರೆ ಕೊಡ ನಿಲ್ಲುತ್ತದೆ.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅಳಿಯ ಕರೆಯಲು ಬರುತ್ತೇನೆಂದು ಫೋನ್ ಮಾಡಿದಾಗ, ಈ ಬಿಸಿಲಿನಲ್ಲಿ ಕೂಸನ್ನು ಹೇಗೆ ಕಳಿಸುವುದು, ಮೈಮೇಲೆ ಬೆವರುಸಾಲೆ ಎದ್ದಿದೆ, ಸಮ ತಿಂಗಳಿನಲ್ಲಿ ಕಳಿಸಬಾರದು, ಐದನೆಯ ತಿಂಗಳಿನಲ್ಲಿ ಕಳಿಸುತ್ತೇವೆ ಎಂದುಬಿಟ್ಟೆ. ಬೆವರುಸಾಲೆ ಎದ್ದದ್ದು ಸುಳ್ಳಲ್ಲ, ನಾಲ್ಕೇ ನಾಲ್ಕು ಗುಳ್ಳೆ. ಅಳಿಯ ಬಹಳ ಸಾಧು. ನೀವು ಹೇಳಿದಂತೆಯೇ ಆಗಲಿ ಎಂದ. ಮಗಳು ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ನನ್ನ ಮುಖವನ್ನೇ ನೋಡಿದಳು. ಇನ್ನಷ್ಟು ದಿನ ಇರು, ನನಗೂ ನಿನ್ನನ್ನು ಬಿಟ್ಟಿರಲು ಆಗುವುದಿಲ್ಲ ಎಂದು ನಾನು ಅವಳ ತಲೆ ಸವರಿದೆ. ಸವರುತ್ತಲೇ ಕಿಟಕಿಯಿಂದ ಹಂದರ ನೋಡಿದೆ.

ಅದಾಗಿ ಒಂದು ವಾರ ಅವಳು ಮನೆಯೊಳಗೆ ಬೆಕ್ಕಿನ ಮರಿಯ ಹಾಗೆ ಕೋಣೆಯಿಂದ ಕೋಣೆಗೆ ಸುತ್ತಿದಳು. ನಾನು ಮನೆಯಿಂದ ಸೈಟಿಗೆ, ಸೈಟಿನಿಂದ ಮನೆಗೆ ಸುತ್ತಿದೆ. ಮಗ್ಗದ ಕುಣಿಯಲ್ಲಿ ಕೂತಿದ್ದ ನನ್ನ ಗಂಡ ಇಬ್ಬರನ್ನೂ ನೋಡುತ್ತಾ ಲಾಳಿ ಓಡಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ರೇಶನ್ ತರಲು ಹೋಗಿದ್ದೆ. ಅವತ್ತು ಎದುರು ಮನೆಯ ಅಜ್ಜಿಯ ಪಾಳಿ. ಎಪ್ಪತ್ತು ದಾಟಿದ ಜೀವ, ದಿನವಿಡೀ ಮಗನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾರೆ. ನಳದ ನೀರು ಬಂದು ಎಂಟು ದಿನವಾಗಿತ್ತು. ಅಜ್ಜಿ ಕೊಡ ಇಳಿಸಿ ಏದುಸಿರು ಬಿಡುವುದನ್ನು ಕಂಡು ನನ್ನ ಮಗಳು, ನಿಮ್ಮ ಮನೆಯಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಕೇಳಿದ್ದಾಳೆ. ಅದಕ್ಕೆ ಅಜ್ಜಿ ಹೇಳಿದ ಮಾತನ್ನು ಆಮೇಲೆ ಮಗಳೇ ನನಗೆ ಹೇಳಿದಳು.

"ನಮಗೇನ ಆಗ್ತೈತಿ ತಂಗಿ, ದೊಡ್ಡಾವ್ರು, ಸವಳ ನೀರ ಕಾಸಿ ಕುಡದ್ರ ನಡೀತೈತಿ. ಹಾಲ ಉಣಿಸಾಕಿ ನೀನು."

ನಾನು ಚೀಲ ಹೊತ್ತು ಬಂದಾಗ ಮಗಳು ಮನೆಯಲ್ಲಿರಲಿಲ್ಲ. ಹೆದರಿ ಹಿಂದೆ ಮುಂದೆ ಹುಡುಕಿದೆ. ಮೂರು ತಿಂಗಳಿನಿಂದ ಹೊಸ್ತಿಲು ದಾಟದವಳು ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಹೆಗಲಿಗೆ ಹಾಕಿಕೊಂಡು ಸೈಟಿನಲ್ಲಿ ನಿಂತಿದ್ದಳು. ಕಾಲುವೆ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡುತ್ತಿದ್ದಳು. ಬಿಸಿಲಿಗೆ ಯಾಕೆ ಬಂದೆ ಎಂದು ನಾನು ಬೈಯಲು ಬಾಯಿ ತೆರೆದೆ.

"ಅವ್ವಾ, ನಾ ಇವತ್ತಿಂದ ಬಾಣಂತಿ ಅಲ್ಲ," ಅಂದಳು. "ಓಣ್ಯಾಗ ಹೇಳಿಬಿಡು, ಯಾರೂ ಕೊಡಾ ತರಬ್ಯಾಡ್ರಿ ಅಂತ."

ನನಗೆ ಸಿಟ್ಟು ಬಂತು. ತಪ್ಪು ನನ್ನದಿದ್ದಾಗ ನನಗೆ ಸಿಟ್ಟು ಬೇಗ ಬರುತ್ತದೆ. ಮೂರು ತಿಂಗಳು ನಿನ್ನ ಸೇವೆ ಮಾಡಿದ್ದಕ್ಕೆ ಇದೇನು ಬಹುಮಾನ, ಚೆಲ್ಲಿ ಹೋಗುವ ನೀರನ್ನು ಗಿಡಕ್ಕೆ ಬಿಟ್ಟರೆ ಯಾರ ಗಂಟು ಹೋಯಿತು, ಈ ಮನೆಯಲ್ಲಿ ನಾನೊಬ್ಬಳು ಹಿಡಿತದಿಂದ ಇದ್ದದ್ದಕ್ಕೆ ನೀನು ಓದಿದೆ, ಮದುವೆಯಾದೆ ಎಂದು ಒಂದೇ ಉಸಿರಿನಲ್ಲಿ ಹರಿಹಾಯ್ದೆ. ಅವಳು ಎಲ್ಲ ಕೇಳಿಸಿಕೊಂಡಳು. ಹೆಸರುಹಿಟ್ಟು ಯಾಕೆಂದು ತನಗೆ ಮೊದಲ ದಿನವೇ ಗೊತ್ತಾಗಿತ್ತು, ಅದಕ್ಕೆ ತನಗೇನೂ ಬೇಜಾರಿಲ್ಲ, ಕೂಸಿನ ಮೈಗೂ ಒಳ್ಳೆಯದೇ ಆಯಿತು ಅಂದಳು. ನಗಲಿಕ್ಕೂ ನೋಡಿದಳು. ಆಮೇಲೆ ಕೇಳಿದಳು.

"ಒಂದ ಹೇಳು. ಐದನೇ ತಿಂಗಳಿಗೆ ಹೋಗು ಅಂದಿಯಲ್ಲ. ನಿನಗ ನಾ ಬೇಕಾಗಿತ್ತೋ, ನನ್ನ ಮೈಮ್ಯಾಲಿನ ನೀರ ಬೇಕಾಗಿತ್ತೋ?"

ನೀನೇ ಬೇಕಾಗಿತ್ತು ಎನ್ನಲು ಎಷ್ಟು ಹೊತ್ತು ಬೇಕು? ಯಾವ ತಾಯಿಯಾದರೂ ತಟ್ಟನೆ ಹೇಳುತ್ತಾಳೆ. ನಾನು ಹೇಳಲಿಲ್ಲ. ಒಳಗೆ ಮಗ್ಗದ ಸಪ್ಪಳ ನಿಂತಿತು. ನನ್ನ ಗಂಡ ಕುಣಿಯಿಂದ ಎದ್ದು ಬಾಗಿಲಿಗೆ ಬಂದು, ನಾಳೆಯೇ ಅಳಿಯನಿಗೆ ಬರಲು ಹೇಳುತ್ತೇನೆ ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಅಜ್ಜಿಯ ಕೊಡವನ್ನು ನಾನೇ ಹೊತ್ತು ಅವರ ಮನೆಗೆ ವಾಪಸು ಇಟ್ಟು ಬಂದೆ. ಕೊಟ್ಟ ನೀರು ತಿರುಗಿ ತರುತ್ತಾರೇನು ಎಂದು ಅವರು ನೊಂದುಕೊಂಡರು. ಮಗಳು ಹೊರಟಳು ಅಂದೆ. ನಿಜ ಹೇಳುವ ಧೈರ್ಯ ಅಲ್ಲಿಯೂ ಬರಲಿಲ್ಲ. ಉಳಿದ ಮನೆಗಳಿಗೂ ಹೋಗಿ ಹೇಳಿದೆ. ಎಲ್ಲರೂ ಇಷ್ಟು ಬೇಗವೇ ಎಂದರು, ಪಾಪ, ನಿನಗೆ ಮನೆ ಬಿಕೋ ಅನ್ನುತ್ತದೆ ಎಂದರು.

ಅಳಿಯ ಬರುವ ದಿನ ಬೆಳಿಗ್ಗೆ ನಾನು ರೂಢಿಯಂತೆ ಎಣ್ಣೆಯ ಬಟ್ಟಲು ಹಿಡಿದು ಬಚ್ಚಲ ಕಡೆ ಹೋದೆ. ಮಗಳು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ತಾನೇ ಹಾಕಿಕೊಳ್ಳುತ್ತೇನೆ, ಅರ್ಧ ಬಕೆಟ್ ಸಾಕು ಅಂದಳು. ಸಿಟ್ಟಿನ ದನಿಯಲ್ಲ. ನಾನು ಬಾಗಿಲ ಹೊರಗೆ ನಿಂತೆ. ನಾಲ್ಕೈದು ತಂಬಿಗೆ ಸುರಿದ ಸಪ್ಪಳ, ಅಷ್ಟೇ. ಹತ್ತು ವರ್ಷದವಳಾದಾಗಿನಿಂದ ಈ ಹುಡುಗಿ ನನ್ನ ಕೈಯಿಂದ ಸ್ನಾನ ಮಾಡಿಸಿಕೊಂಡಿರಲಿಲ್ಲ. ಮತ್ತೆ ಮೂರು ತಿಂಗಳು ದಿನಾಲೂ ನನ್ನ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದಳು. ಆ ಬೆನ್ನು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಬಚ್ಚಲ ತೂತು ಹೇಗಿತ್ತು ಎಂದರೆ ಹೇಳುತ್ತೇನೆ. ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಅತ್ತೆ. ಅವಳು ಬರುವಷ್ಟರಲ್ಲಿ ಕಣ್ಣು ಒರೆಸಿಕೊಂಡೆ.

ಮಗಳಿಗೆ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಕುಬಸದ ಕಣ, ಎಲ್ಲ ಪದ್ಧತಿಯಂತೆ. ಅಳಿಯ ಗೆಳೆಯನ ಕಾರು ತಂದಿದ್ದ. ತೊಟ್ಟಿಲು ಬಿಚ್ಚಿ ಹಿಂದೆ ಇಟ್ಟಿದ್ದಾಯಿತು. ಓಣಿಯ ಹೆಂಗಸರೆಲ್ಲ ಬಂದು ಕೂಸಿಗೆ ದೃಷ್ಟಿ ತೆಗೆದರು. ಪಕ್ಕದಲ್ಲಿ ಎರಡು ದಿನದಿಂದ ನೀರಿಲ್ಲದ ಹೀರೆ ಎಲೆಗಳು ಜೋತುಬಿದ್ದಿದ್ದವು. ನಾನು ಅವುಗಳನ್ನು ನೋಡಿದೆ. ಒಣಗಿ ಹೋಗಲಿ ಅನಿಸಿತು. ಮಗಳು ಕಾರಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ನಾನು ಕಿಟಕಿಗೆ ಕೈ ಇಟ್ಟೆ.

"ಇನ್ನೆರಡ ದಿನ ಇರವಾ," ಅಂದೆ. "ಬರೇ ಎರಡ ದಿನ."

ಅವಳು ನನ್ನ ಕೈಯ ಮೇಲೆ ಕೈ ಇಟ್ಟಳು. ಮುಖದಲ್ಲಿ ಕೋಪದ ಗುರುತೂ ಇರಲಿಲ್ಲ. ಸಣ್ಣವರನ್ನು ಸಮಾಧಾನ ಮಾಡುವ ಹಾಗೆ ಹೇಳಿದಳು.

"ಮಳಿ ಇನ್ನ ಬಂದಿಲ್ಲಲ್ಲ ಬೇ, ಅದಕ್ಕ ಹಂಗ ಅನಸ್ತೈತಿ ನಿನಗ. ಬಂದ ಮ್ಯಾಲ ಸರಿ ಹೋಗ್ತೈತಿ."

ಕಾರು ಹೊರಟಿತು. ಮಳೆ ನಾಲ್ಕನೆಯ ದಿನ ಬಂತು, ಬಳ್ಳಿಗಳೂ ಉಳಿದವು. ಅವತ್ತು ಕಾರಿನ ಕಿಟಕಿಯಲ್ಲಿ ನಾನು ನಿಜವನ್ನೇ ಹೇಳಿದ್ದೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.